ಹಳೇ ಮಿಯಾಟಾ ತಗೊಳ್ಳಬೇಕು: ಎನ್‌ಎ, ಎನ್‌ಬಿ, ಎನ್‌ಸಿ, ಎನ್‌ಡಿ ಇವುಗಳಲ್ಲಿ ಯಾವುದು?

ಸನ್ನಿವೇಲ್ ಸವಾರ:
ಎಲ್ಲರಿಗೂ ನಮಸ್ಕಾರ. ಎರಡು ಸೀಟು, ಟಾಪ್ ತೆಗೆದು ಓಡಿಸುವ ಕಾರು, ಗೇರು ಕೈಯಲ್ಲೇ ಹಾಕಬೇಕು. ನನಗೆ ಇಷ್ಟೇ ಸಾಕು. ಸುತ್ತಿ ಬಳಸಿ ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಮಜ್ದಾ ಮಿಯಾಟಾ ಹತ್ತಿರವೇ, ನಾನೂ ಅಲ್ಲೇ ನಿಂತಿದ್ದೇನೆ. ಹಳೇ ಪೋರ್ಷೆ ಬಾಕ್ಸ್‌ಟರ್ ಕೂಡ ಹೆಚ್ಚುಕಮ್ಮಿ ಇದೇ ದುಡ್ಡಿಗೆ ಸಿಗುತ್ತದೆ, ಆದರೆ ಆಮೇಲೆ ಬರುವ ಬಿಲ್ಲು ನೋಡುವ ಧೈರ್ಯ ನನಗಿಲ್ಲ.

ತಲೆ ಕೆಟ್ಟಿರುವುದು ಯಾವ ತಲೆಮಾರು ಅನ್ನುವುದರಲ್ಲಿ. ಅಮೆರಿಕದ ಮಾಡೆಲ್ ವರ್ಷದ ಲೆಕ್ಕದಲ್ಲಿ ಎನ್‌ಎ 1990ರಿಂದ 97, ಎನ್‌ಬಿ 1999ರಿಂದ 2005, ಎನ್‌ಸಿ 2006ರಿಂದ 15, ಎನ್‌ಡಿ 2016ರಿಂದ ಈಚೆಗೆ. ಬಜೆಟ್ 12,000 ಡಾಲರ್, ಎಳೆದಾಡಿದರೆ 14,000. ಎತ್ತರ 6 ಅಡಿ. ಮನೆಯಲ್ಲಿ ಇನ್ನೊಂದು ಕಾರಿದೆ, ಆದರೆ ಅದು ಹೆಂಡತಿ ಆಫೀಸಿಗೆ ಹೋಗುತ್ತದೆ, ಹಾಗಾಗಿ ನಾನು ಇಲ್ಲಿ ಕ್ಯಾಲಿಫೋರ್ನಿಯಾದ 101 ಹೆದ್ದಾರಿಯ ಟ್ರಾಫಿಕ್‌ನಲ್ಲೂ ಇದನ್ನೇ ಓಡಿಸಬೇಕು. ಶನಿವಾರ ಭಾನುವಾರ ಸ್ಕೈಲೈನ್, ಹೈವೇ 9 ಥರದ ಗುಡ್ಡದ ರಸ್ತೆ, ಯಾವಾಗಾದರೂ ಮೌಂಟ್ ಹ್ಯಾಮಿಲ್ಟನ್. ಗ್ಯಾರೇಜ್ ಇಲ್ಲ, ಕಾರ್‌ಪೋರ್ಟ್ ಮಾತ್ರ, ಅಂದರೆ ಮೇಲೊಂದು ಸೂರು ಅಷ್ಟೇ. ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ಬರುತ್ತದೆ. ಎಂಜಿನ್ ಬಿಚ್ಚುವಷ್ಟು ವಿದ್ಯೆ ಇಲ್ಲ.

ಕಣ್ಣು ಮುಚ್ಚಿದರೆ ಎನ್‌ಎ ಕಾಣಿಸುತ್ತದೆ. ಬುದ್ಧಿ ಹೇಳಿ.

ಪಾಪ್‌ಅಪ್ ಪ್ರೇಮಿ:
ಬುದ್ಧಿ ಯಾಕೆ ಬೇಕು ಸ್ವಾಮಿ, ಎನ್‌ಎ ತಗೊಳ್ಳಿ. ಏಳುವ ಹೆಡ್‌ಲೈಟ್ ಇರುವುದು ಅದೊಂದರಲ್ಲೇ. 960 ಕೆಜಿ ಹತ್ತಿರ ತೂಕ, ಮೊದಲ ವರ್ಷಗಳದ್ದು 1.6 ಲೀಟರ್ ಎಂಜಿನ್, 116 ಕುದುರೆ (ಹಾರ್ಸ್‌ಪವರ್). ಕಾಗದದ ಮೇಲೆ ಏನೂ ಅಲ್ಲ ಅನಿಸುತ್ತದೆ. ಎರಡನೇ ಗೇರಿನಲ್ಲಿ ಕೊನೆವರೆಗೂ ಎಳೆದರೂ ಪೊಲೀಸರು ಹಿಡಿಯುವ ವೇಗ ಬರುವುದಿಲ್ಲ, ಅದೇ ಮಜಾ. ಸ್ಟೇರಿಂಗ್‌ನಲ್ಲಿ ರಸ್ತೆಯ ಪ್ರತಿ ಕಲ್ಲೂ ಗೊತ್ತಾಗುತ್ತದೆ, ಪವರ್ ಸ್ಟೇರಿಂಗ್ ಇಲ್ಲದ್ದು ಸಿಕ್ಕರೆ ಇನ್ನೂ ಚೆನ್ನ.

ಇದು ಹುಟ್ಟಿದ ಕಥೆಯೂ ಸೊಗಸಾಗಿದೆ. ಬಾಬ್ ಹಾಲ್ ಅಂತ ಅಮೆರಿಕದ ಒಬ್ಬ ಕಾರು ಪತ್ರಕರ್ತ ಮಜ್ದಾದ ಕೆನಿಚಿ ಯಮಮೊಟೊ ಅವರ ಹತ್ತಿರ, ಹಳೇ ಬ್ರಿಟಿಷ್ ರೋಡ್‌ಸ್ಟರ್ ಥರದ್ದೊಂದು ಕಾರು ಮಾಡಿ ಅಂತ ಹೇಳಿದ್ದೇ ಇದಕ್ಕೆ ಬೀಜ. ಆಮೇಲೆ ಅವರೇ ಮಜ್ದಾ ಸೇರಿದರು. 1989ರ ಶಿಕಾಗೋ ಆಟೋ ಶೋದಲ್ಲಿ ಕಾರು ಹೊರಬಂತು. ಆಯಿಲ್ ಸೋರದ, ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುವ ಬ್ರಿಟಿಷ್ ಕಾರು ಅನ್ನಬಹುದು.

ಹುಬ್ಬಳ್ಳಿ ಟು ಪೋರ್ಟ್‌ಲ್ಯಾಂಡ್:
ಪ್ರೇಮಿಗಳ ಮಾತು ಕೇಳಬೇಡಿ :) ದಿನಾ 101ರಲ್ಲಿ ಎನ್‌ಎ ಓಡಿಸಿದರೆ ಒಂದು ತಿಂಗಳಿಗೆ ಕಿವಿ ಸಾಕು ಅನ್ನುತ್ತದೆ. ಐದು ಗೇರು, 70 ಮೈಲಿ ವೇಗಕ್ಕೆ ಎಂಜಿನ್ 4,000 ಆರ್‌ಪಿಎಂ ಹತ್ತಿರ ಕೂಗುತ್ತಿರುತ್ತದೆ. ಹಿಂದಿನ ಕಿಟಕಿ ಪ್ಲಾಸ್ಟಿಕ್. ಟಾಪ್ ಇಳಿಸುವ ಮೊದಲು ಅದರ ಜಿಪ್ ಬಿಚ್ಚಬೇಕು, ಸುಮ್ನೆ ಮಡಚಿದರೆ ಗೆರೆ ಬೀಳುತ್ತದೆ, ಚಳಿಯಲ್ಲಿ ಒಡೆದೇ ಹೋಗುತ್ತದೆ.

ನನ್ನ ಹತ್ತಿರ 2003ರ ಎನ್‌ಬಿ ಇದೆ. ಅದೇ ಅಳತೆಯ ಕಾರು, ಅದೇ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, 1.8 ಲೀಟರ್. ಹಿಂದೆ ಗಾಜಿನ ಕಿಟಕಿ, ಅದಕ್ಕೆ ಮಂಜು ಕಳೆಯುವ ಡಿಫಾಗರ್ ಬೇರೆ. ಬಾಡಿ ಕೂಡ ಸ್ವಲ್ಪ ಗಟ್ಟಿ. ಹೆಡ್‌ಲೈಟ್ ಏಳುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಜನ ಮೂಗು ಮುರಿಯುತ್ತಾರೆ, ಅದಕ್ಕೇ ರೇಟೂ ಕಮ್ಮಿ. ಕೊಳ್ಳುವವರಿಗೆ ಒಳ್ಳೆಯದೇ ಆಯ್ತಲ್ಲ.

ಒಂದು ತಮಾಷೆ ಗೊತ್ತಾ? 2001ರಲ್ಲಿ ವೇರಿಯಬಲ್ ವಾಲ್ವ್ ಎಂಜಿನ್ ಬಂದಾಗ ಮಜ್ದಾ 155 ಕುದುರೆ ಅಂತ ಹೇಳಿತ್ತು. ಅಷ್ಟಿಲ್ಲ ಅಂತ ಗೊತ್ತಾದ ಮೇಲೆ 142 ಅಂತ ತಿದ್ದಿ, ಬೇಡದವರ ಕಾರು ವಾಪಸ್ ತಗೊಳ್ಳುತ್ತೇವೆ ಅಂತಲೂ ಹೇಳಿತು. ಹಳೇ ಬ್ರೋಷರ್ ತೋರಿಸಿ ಯಾರಾದರೂ 155 ಅಂದರೆ ನಕ್ಕು ಸುಮ್ಮನಾಗಿ.

ಉಪ್ಪು ತಿಂದ ಕಾರು:
ಮಿಶಿಗನ್‌ನಿಂದ ಬರೆಯುತ್ತಿದ್ದೇನೆ, ಹೆಸರು ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಎನ್‌ಎ, ಎನ್‌ಬಿ ಎರಡನ್ನೂ ಕೊಲ್ಲುವುದು ತುಕ್ಕು, ಎಂಜಿನ್ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಉಪ್ಪಿಲ್ಲ ಅಂತ ಮೈಮರೆಯಬೇಡಿ. ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡೂ ಬದಿಯ ಡ್ರೈನ್ ಕೊಳವೆಯಿಂದ ಕೆಳಗೆ ಹೋಗಬೇಕು. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಅದು ಎಲೆ, ಪೈನ್ ಸೂಜಿ ಕಟ್ಟಿಕೊಂಡು ಮುಚ್ಚಿಹೋಗುತ್ತದೆ. ನೀರು ಒಳಗೇ ನಿಂತು, ಬಾಗಿಲ ಕೆಳಗಿನ ಸಿಲ್ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣ ಮಿರಮಿರ ಮಿಂಚುತ್ತಿರುತ್ತದೆ, ಒಳಗೆ ಹಪ್ಪಳ.

ನೋಡುವ ರೀತಿ ಹೀಗೆ. ಹಿಂದಿನ ಚಕ್ರದ ಮುಂದೆ ಮಂಡಿಯೂರಿ ಕೂತು, ಸಿಲ್‌ನ ಕೆಳ ಅಂಚಿಗೆ ಕೈ ಹಾಕಿ ಸವರಿ. ಗುಳ್ಳೆ ಥರ ಉಬ್ಬು ಸಿಕ್ಕರೆ, ಅಥವಾ ಅಂಚಿನ ಮಡಿಕೆಯೇ ಕೈಗೆ ಸಿಗದೆ ಪುಟ್ಟಿ ಹಾಕಿ ನುಣ್ಣಗೆ ಮಾಡಿದ್ದರೆ, ಎದ್ದು ಮನೆಗೆ ಬನ್ನಿ. ಒಂದು ಬಾಟಲಿ ನೀರು ತಗೊಂಡು ಹೋಗಿ ಡ್ರೈನ್‌ಗೆ ಹೊಯ್ಯಿರಿ. ಹಿಂದಿನ ಚಕ್ರದ ಹತ್ತಿರ ನೆಲದ ಮೇಲೆ ನೀರು ಬೀಳಬೇಕು. ಬೀಳದಿದ್ದರೆ ಅದು ಎಲ್ಲಿ ಹೋಗುತ್ತಿದೆ ಅಂತ ಯೋಚಿಸಿ.

ಎನ್‌ಬಿಗೆ ಇನ್ನೊಂದು ಜಾಗ ಇದೆ, ಮುಂದಿನ ಫ್ರೇಮ್ ರೈಲ್, ಅಂದರೆ ಕಾರಿನ ಮುಂಭಾಗ ಹೊತ್ತ ಲೋಹದ ದೂಲ. ಅಲ್ಲಿ ಲೋಹ ಎರಡು ಪದರ, ಮಧ್ಯೆ ತೇವ ನಿಂತು ಕಾಣದ ಹಾಗೆ ಕೊಳೆಯುತ್ತದೆ. ಪೋರ್ಟ್‌ಲ್ಯಾಂಡ್ ಅವರೇ, ನಿಮ್ಮದನ್ನೂ ಒಮ್ಮೆ ನೋಡಿಸಿ.

ಹುಬ್ಬಳ್ಳಿ ಟು ಪೋರ್ಟ್‌ಲ್ಯಾಂಡ್:
ನೋಡಿಸಿದ್ದೇನೆ, ಗಟ್ಟಿ ಇದೆ. ದೃಷ್ಟಿ ಹಾಕಬೇಡಿ.

ಆರಡಿ ಮೂರಿಂಚು:
ಪ್ರಶ್ನೆ ಕೇಳಿದವರು 6 ಅಡಿ ಅಂದಿದ್ದಾರೆ, ಅದನ್ನು ಎಲ್ಲರೂ ದಾಟಿಕೊಂಡು ಹೋಗುತ್ತಿದ್ದೀರಿ. ಎನ್‌ಎ, ಎನ್‌ಬಿ ಎರಡರಲ್ಲೂ ಸ್ಟೇರಿಂಗ್ ಮೇಲೆ ಕೆಳಗೆ ಆಗುವುದಿಲ್ಲ, ಹಿಂದೆ ಮುಂದೆಯೂ ಆಗುವುದಿಲ್ಲ. ತೊಡೆಗೆ ಸ್ಟೇರಿಂಗ್ ತಾಗುತ್ತದೆ, ಕಣ್ಣಿನ ನೇರಕ್ಕೆ ಮುಂದಿನ ಗಾಜಿನ ಮೇಲಿನ ಪಟ್ಟಿ ಬರುತ್ತದೆ, ಸಿಗ್ನಲ್ ನೋಡಲು ಕತ್ತು ಬಗ್ಗಿಸಬೇಕು. ಉದ್ದ ಇರುವವರು ಸೀಟು ಬಿಚ್ಚಿ ಒಳಗಿನ ಫೋಮ್ ಕತ್ತರಿಸಿ ಹಾಕುತ್ತಾರೆ. ಅದು ನಡೆಯುತ್ತದೆ, ಆದರೆ ಬೆನ್ನು ಹಾಳು.

ಎನ್‌ಸಿ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ, ಅದಕ್ಕೇ ನಾನು ಬಿಡುತ್ತೇನೆ. ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) 65 ಮಿಮೀ ಜಾಸ್ತಿ, ಒಳಗೆ ಜಾಗ ನಾಲ್ಕರಲ್ಲಿ ಅದರಲ್ಲೇ ಹೆಚ್ಚು, ಸ್ಟೇರಿಂಗ್ ಟಿಲ್ಟ್ ಆಗುತ್ತದೆ. 2 ಲೀಟರ್ ಎಂಜಿನ್, ಮ್ಯಾನುಯಲ್‌ನಲ್ಲಿ 170 ಕುದುರೆ ಆಸುಪಾಸು. ಟೈಮಿಂಗ್ ಬೆಲ್ಟ್ ಬದಲು ಚೈನ್. ಎನ್‌ಎ, ಎನ್‌ಬಿಗೆ 60,000 ಮೈಲಿಗೊಮ್ಮೆ ಬೆಲ್ಟ್ ಹಾಕಿಸಬೇಕು, ಅದರ ಜೊತೆ ವಾಟರ್ ಪಂಪ್. ಮಾರುವವರು ರಸೀದಿ ತೋರಿಸದಿದ್ದರೆ ಹಾಕಿಸಿಲ್ಲ ಅಂತಲೇ ಲೆಕ್ಕ ಹಾಕಿ ರೇಟಿನಲ್ಲಿ ಕಳೆಯಿರಿ.

ಪಾಪ್‌ಅಪ್ ಪ್ರೇಮಿ:
ಎನ್‌ಸಿ ದೋಣಿ. ಚಕ್ರಕ್ಕೂ ಫೆಂಡರ್‌ಗೂ ಮಧ್ಯೆ ಕೈ ಹೋಗುವಷ್ಟು ಜಾಗ, ತಿರುವಿನಲ್ಲಿ ಓಲಾಡುತ್ತದೆ. ಮಿಯಾಟಾ ಅಂತ ಬ್ಯಾಡ್ಜ್ ಹಾಕಿದ್ದಕ್ಕೆ ಮಿಯಾಟಾ ಅಷ್ಟೇ.

ಆರಡಿ ಮೂರಿಂಚು:
ಈ ದೋಣಿ ಮಾತು ಎಲ್ಲ ಕಡೆ ಕೇಳುತ್ತೇನೆ, ಹೇಳುವವರಲ್ಲಿ ಮುಕ್ಕಾಲು ಜನ ಓಡಿಸಿರುವುದಿಲ್ಲ. ತೂಕ ನೋಡಿ: ಎನ್‌ಬಿ ಸುಮಾರು 1,045 ಕೆಜಿ, ಎನ್‌ಸಿ ಸುಮಾರು 1,120. ಪಕ್ಕದ ಸೀಟಿನಲ್ಲಿ ಒಬ್ಬರು ಕೂತಷ್ಟು. ಅದಕ್ಕೆ ಎದುರಾಗಿ 30 ಕುದುರೆ ಜಾಸ್ತಿ, ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್, ದೊಡ್ಡ ಬ್ರೇಕ್. ಕಾರ್ಖಾನೆಯಿಂದ ಎತ್ತರ ಬಂದಿರುವುದು ನಿಜ, ಮೆತ್ತಗಿರುವುದೂ ನಿಜ. ಒಳ್ಳೆಯ ಶಾಕ್, ಸ್ಪ್ರಿಂಗ್ ಹಾಕಿಸಿ ವೀಲ್ ಅಲೈನ್‌ಮೆಂಟ್ ಸರಿಯಾಗಿ ಮಾಡಿಸಿದರೆ ಆ ಓಲಾಟ ಹೋಗುತ್ತದೆ. ಬೇಕಾದರೆ ಫೋರ್ಡ್ ಫ್ಯೂಷನ್‌ನ 2.5 ಲೀಟರ್ ಎಂಜಿನ್ ಕೂಡ ಕೂರಿಸುತ್ತಾರೆ, ಒಂದೇ ಕುಟುಂಬದ ಎಂಜಿನ್.

ವರ್ಷ ಮಾತ್ರ ನೋಡಿ ತಗೊಳ್ಳಿ. 2009ರಲ್ಲಿ ಎಂಜಿನ್ ಒಳಗೆ ಫೋರ್ಜ್ಡ್, ಅಂದರೆ ಬಡಿದು ಗಟ್ಟಿ ಮಾಡಿದ ಕ್ರ್ಯಾಂಕ್ (ಎಂಜಿನ್‌ನ ಮುಖ್ಯ ತಿರುಗು ದಂಡ), ಕನೆಕ್ಟಿಂಗ್ ರಾಡ್ ಬಂತು, ರೆಡ್‌ಲೈನ್ ಅಂದರೆ ಎಂಜಿನ್ ತಿರುಗುವ ಮಿತಿ 500 ಆರ್‌ಪಿಎಂ ಮೇಲೆ ಹೋಯಿತು. ಮೂತಿಯೂ ಬದಲಾಯಿತು, ಹಲ್ಲು ಕಿರಿದ ಹಾಗೆ. ಕೆಲವರಿಗೆ ಅದು ಹಿಡಿಸುವುದಿಲ್ಲ. ಒಳಗೆ ಕೂತವರಿಗೆ ಮೂತಿ ಕಾಣುವುದಿಲ್ಲ ಬಿಡಿ. ಯಾವ ವರ್ಷದ್ದಾದರೂ ಎನ್‌ಸಿಯಲ್ಲಿ ಮೊದಲು ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಕೆಳಗಿನ ಗುರುತಿಗಿಂತ ಇಳಿದಿದ್ದರೆ, ಆ ಮಾಲೀಕರು ಬಾನೆಟ್ ಎತ್ತುವವರಲ್ಲ ಅಂತ ಅರ್ಥ. ಇಂಥ ಕಾರನ್ನು ಆಯಿಲ್ ಇಲ್ಲದೆ ಗುಡ್ಡದಲ್ಲಿ ತಿರುಗಿಸಿದವರಿದ್ದಾರೆ, ಆಮೇಲೆ ಎಂಜಿನ್ ಬಡಿದುಕೊಳ್ಳುತ್ತದೆ.

ಸನ್ನಿವೇಲ್ ಸವಾರ:
ಎನ್‌ಸಿ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಅದರಲ್ಲಿ ಗಟ್ಟಿ ಟಾಪ್ ಮಡಚಿಕೊಳ್ಳುವ ಮಾಡೆಲ್ ಒಂದಿದೆಯಲ್ಲ, ಅದು ಹೇಗೆ? ಕಾರ್‌ಪೋರ್ಟ್‌ನಲ್ಲಿ ನಿಲ್ಲಿಸುವುದರಿಂದ ಬಟ್ಟೆಯ ಟಾಪ್ ಯಾರಾದರೂ ಕೊಯ್ದುಬಿಟ್ಟರೆ ಅಂತ ಭಯ. ಮತ್ತೆ ಎನ್‌ಡಿ ನನ್ನ ದುಡ್ಡಿಗೆ ಬರುತ್ತದಾ?

ಆರಡಿ ಮೂರಿಂಚು:
ಆ ಟಾಪ್ 2007ರಿಂದ ಬಂತು. ಬಟನ್ ಒತ್ತಿದರೆ 12 ಸೆಕೆಂಡಿನಲ್ಲಿ ಸೀಟಿನ ಹಿಂದೆ ಹೋಗಿ ಕೂರುತ್ತದೆ. ಡಿಕ್ಕಿಯ ಜಾಗ ತಿನ್ನುವುದಿಲ್ಲ, ಅದೇ ಅದರ ಚಮತ್ಕಾರ. ತೂಕ 35 ಕೆಜಿ ಆಸುಪಾಸು ಜಾಸ್ತಿ. ನೋಡಲು ಹೋದಾಗ ಬಟನ್ ಒತ್ತಿ ಹಲವು ಸಲ ತೆಗೆದು ಹಾಕಿಸಿ, ಮಧ್ಯೆ ಎಲ್ಲಾದರೂ ತಡವರಿಸಿದರೆ ಬಿಟ್ಟುಬಿಡಿ, ಆ ಮೋಟಾರು ಲಿಂಕುಗಳ ಕೆಲಸ ಅಗ್ಗದ್ದಲ್ಲ. ಅದಕ್ಕೂ ಡ್ರೈನ್ ಇದೆ, ಮೇಲಿನ ನೀರಿನ ಬಾಟಲಿ ಮಾತು ಅಲ್ಲೂ ನಡೆಯುತ್ತದೆ.

ಬಟ್ಟೆ ಟಾಪ್ ಇರುವುದು ತಗೊಂಡರೆ ಬಾಗಿಲು ಲಾಕ್ ಮಾಡದೆ ಒಳಗೆ ಏನೂ ಇಡದೆ ಬಿಡುವವರೂ ಇದ್ದಾರೆ. ಕಳ್ಳ ಬಾಗಿಲು ತೆಗೆದು ನೋಡಿ ಹೋಗಲಿ, ಟಾಪ್ ಕೊಯ್ಯದಿದ್ದರೆ ಸಾಕು ಅಂತ.

ರೆಡ್‌ಲೈನ್ ರಾಯರು:
ಎನ್‌ಡಿ ಬಗ್ಗೆ ನಾನು ಹೇಳುತ್ತೇನೆ, ನನ್ನದು 2019. ನಾಲ್ಕರಲ್ಲಿ ಇದೇ ಉತ್ತಮ ಕಾರು, ಅದರಲ್ಲಿ ವಾದ ಬೇಡ. 1,060 ಕೆಜಿ, ಅಂದರೆ ಇಷ್ಟೆಲ್ಲ ಏರ್‌ಬ್ಯಾಗ್, ಸ್ಕ್ರೀನು ಹೊತ್ತುಕೊಂಡು ಮತ್ತೆ ಎನ್‌ಬಿ ತೂಕಕ್ಕೆ ಬಂದರು. 2016ರಲ್ಲಿ 155 ಕುದುರೆ, 2019ರಲ್ಲಿ 181 ಮತ್ತು 7,500 ಆರ್‌ಪಿಎಂ. ಸ್ಟೇರಿಂಗ್ ಹತ್ತಿರ ಎಳೆದುಕೊಳ್ಳಲು ಆಗುವುದೂ 2019ರಿಂದಲೇ.

ಆದರೆ 14,000ಕ್ಕೆ ಸಿಗುವ ಎನ್‌ಡಿ ಅಂದರೆ ಒಂದೋ ಬಹಳ ಓಡಿರುತ್ತದೆ, ಇಲ್ಲವೇ ಸಾಲ್ವೇಜ್ ಟೈಟಲ್, ಅಂದರೆ ದೊಡ್ಡ ಪೆಟ್ಟು ತಿಂದು ವಿಮೆಯವರು ಕೈಬಿಟ್ಟ ಕಾರು. ಅದೂ 2016, 17ರದ್ದೇ ಇರುತ್ತದೆ. ಆ ಮೊದಲ ವರ್ಷಗಳಲ್ಲಿ ಕೆಲವು ಮ್ಯಾನುಯಲ್ ಗೇರ್‌ಬಾಕ್ಸ್ ಕೈಕೊಟ್ಟವು, ಕಂಪನಿ ಒಳಗಿನ ಭಾಗಗಳನ್ನು ಬದಲಿಸುತ್ತಾ ಹೋಯಿತು. ಗೇರ್‌ಬಾಕ್ಸ್ ಬದಲಾಗಿದೆಯಾ, ಯಾವಾಗ ಅಂತ ಕಾಗದ ಕೇಳಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಕೆಟ್ಟ ಎನ್‌ಡಿಗಿಂತ ಒಳ್ಳೆಯ ಎನ್‌ಸಿ ತಗೊಳ್ಳುತ್ತಿದ್ದೆ, ಉಳಿದ ದುಡ್ಡಿಗೆ ಟೈರು.

ಅಂದ ಹಾಗೆ ಫಿಯಟ್ 124 ಸ್ಪೈಡರ್ ನೋಡಿದ್ದೀರಾ? ಎನ್‌ಡಿ ತಳದ ಮೇಲೆ 1.4 ಲೀಟರ್ ಟರ್ಬೊ, ಹಿರೋಶಿಮಾದಲ್ಲಿ ಮಜ್ದಾ ಕಾರ್ಖಾನೆಯಲ್ಲೇ ತಯಾರಾದದ್ದು. ಅಮೆರಿಕದಲ್ಲಿ 2017ರಿಂದ 20ರವರೆಗೆ ಮಾರಿದರು. ಮರುಮಾರಾಟಕ್ಕೆ ಅಷ್ಟು ಬೇಡಿಕೆ ಇಲ್ಲದ್ದರಿಂದ ಸ್ವಲ್ಪ ಅಗ್ಗ. ಎಂಜಿನ್ ಮಾತ್ರ ಸಲೀಸಾಗಿ ಮೇಲಿನ ಆರ್‌ಪಿಎಂಗೆ ಏರುವ ಸ್ವಭಾವದ್ದಲ್ಲ, ನನಗೆ ಹಿಡಿಸಲಿಲ್ಲ.

ಸ್ಲೌ ಸ್ಪೀಡ್:
ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲಿ ಮಿಯಾಟಾ ಅಂದರೆ ಯಾರಿಗೂ ಅರ್ಥ ಆಗುವುದಿಲ್ಲ, ಎಂಎಕ್ಸ್-5 ಅನ್ನಬೇಕು. ಇಲ್ಲಿ ಒಂದು ಅನುಕೂಲ ಇದೆ. ನಂಬರ್ ಪ್ಲೇಟ್ ಹಾಕಿದರೆ ಸರ್ಕಾರದ ವೆಬ್‌ಸೈಟ್‌ನಲ್ಲೇ ಎಂಒಟಿ (ವರ್ಷವರ್ಷದ ಫಿಟ್‌ನೆಸ್ ಪರೀಕ್ಷೆ) ಇತಿಹಾಸ ಪುಕ್ಕಟೆ ಸಿಗುತ್ತದೆ, ಯಾವ ವರ್ಷ ಸಿಲ್ ಕೊಳೆತು ಫೇಲ್ ಆಗಿತ್ತು, ಯಾವಾಗ ವೆಲ್ಡ್ ಮಾಡಿಸಿದರು ಎಲ್ಲ ಅದರಲ್ಲಿರುತ್ತದೆ. ಜಪಾನಿನಿಂದ ತಂದ ಯೂನೋಸ್ ರೋಡ್‌ಸ್ಟರ್‌ಗಳೂ ಸಿಗುತ್ತವೆ, ಎನ್‌ಎಯ ಜಪಾನಿ ಹೆಸರು ಅದು, ಇಲ್ಲೇ ಓಡಿದವಕ್ಕಿಂತ ತುಕ್ಕು ಕಮ್ಮಿ. ನಮಗೆ ಎನ್‌ಡಿ 1.5 ಲೀಟರಿನಲ್ಲೂ ಬಂತು. ಅದು ನಿಮಗೆ ಸಿಗದೇ ಇದ್ದದ್ದು ನಿಮ್ಮ ದುರದೃಷ್ಟ.

ಕೋರಮಂಗಲ ಜಾಮ್:
ಸುಮ್ನೆ ಓದಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದೇನೆ. ನಮಗೆ ಮಜ್ದಾ ಅಂದರೆ ಸ್ವರಾಜ್ ಮಜ್ದಾ ಮಿನಿಬಸ್ಸು ಅಷ್ಟೇ. ಯಾರಾದರೂ ಅಲ್ಲಿಂದ ವಾಪಸ್ ಬರುವಾಗ ಒಂದು ಮಿಯಾಟಾ ತರಬಹುದಾ?

ರೆಡ್‌ಲೈನ್ ರಾಯರು:
ಆಗುವುದಿಲ್ಲ. ಹಳೇ ಕಾರು ಆಮದು ಮಾಡಲು 3 ವರ್ಷಕ್ಕಿಂತ ಹಳೆಯದಾಗಿರಬಾರದು, ಬಲಗಡೆ ಸ್ಟೇರಿಂಗ್ ಇರಬೇಕು. ಅಮೆರಿಕದ ಕಾರು ಅಲ್ಲಿಗೇ ಔಟ್. ಉಳಿದ ದೇಶದಿಂದ ತಂದರೂ ಸುಂಕ ಕಟ್ಟುವಷ್ಟರಲ್ಲಿ ಕಾರಿನ ಆಸೆ ಇಳಿದಿರುತ್ತದೆ. ಫೈಬರ್ ಬಾಡಿಯ ಸ್ಯಾನ್ ಸ್ಟಾರ್ಮ್ ನೆನಪಿದೆಯಾ, ರೆನೋ ಎಂಜಿನ್‌ದು? ಅಗ್ಗದ ಎರಡು ಸೀಟಿನ ಓಪನ್ ಕಾರು ಅಂತ ನಮ್ಮಲ್ಲಿ ಬಂದದ್ದು ಹೆಚ್ಚುಕಮ್ಮಿ ಅದೊಂದೇ. ಸಿಕ್ಕರೆ ಬಿಡಬೇಡಿ.

ಸನ್ನಿವೇಲ್ ಸವಾರ:
ವಾರವಿಡೀ ಜಾಹೀರಾತು ನೋಡಿ ಮೂರು ಆರಿಸಿದ್ದೇನೆ.

1991ರ ಎನ್‌ಎ, ಕೆಂಪು, ಪೆಸಿಫಿಕಾದಲ್ಲಿ, 9,500 ಡಾಲರ್. "ಎಂಜಿನ್ ಚೆನ್ನಾಗಿದೆ, ಐಡಲ್‌ನಲ್ಲಿ ಸ್ವಲ್ಪ ನಡುಗುತ್ತದೆ" ಅಂತ ಬರೆದಿದ್ದಾರೆ.
1999ರ ಎನ್‌ಬಿ, ಹಸಿರು, ಫ್ರೀಮಾಂಟ್, 6,800. ಎಕ್ಸಾಸ್ಟ್ ಹೆಡರ್ (ಎಂಜಿನ್‌ನಿಂದ ಹೊಗೆ ಹೊರತರುವ ಕೊಳವೆ) ಬದಲಿಸಿದ್ದಾರೆ. "ಸ್ಮಾಗ್ ಕೊಳ್ಳುವವರೇ ಮಾಡಿಸಿಕೊಳ್ಳಬೇಕು" ಅಂತ ಇದೆ, ಅಂದರೆ ಹೊಗೆ ಪರೀಕ್ಷೆ.
2010ರ ಎನ್‌ಸಿ, ಗಟ್ಟಿ ಟಾಪ್, ಆರು ಗೇರು, 78,000 ಮೈಲಿ, ಲಿವರ್‌ಮೋರ್, 12,900. ಒಬ್ಬರೇ ಮಾಲೀಕರು, ರಸೀದಿ ಎಲ್ಲ ಇವೆಯಂತೆ.

ಉಪ್ಪು ತಿಂದ ಕಾರು:
ಪೆಸಿಫಿಕಾ ಅಂದರೆ ಸಮುದ್ರದ ಪಕ್ಕ, ಮಂಜು. ಉಪ್ಪಿಲ್ಲ ಅಂದವರಾರು?

ಹುಬ್ಬಳ್ಳಿ ಟು ಪೋರ್ಟ್‌ಲ್ಯಾಂಡ್:
ಎನ್‌ಬಿಯವಳಾಗಿ ನಾನೇ ಹೇಳುತ್ತೇನೆ, ಆ ಹಸಿರು ಕಾರು ಬೇಡ. ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ ಸರ್ಟಿಫಿಕೇಟ್ ಕೊಡುವುದು ಮಾರುವವರ ಜವಾಬ್ದಾರಿ. ಕೊಳ್ಳುವವರು ಮಾಡಿಸಲಿ ಅಂದರೆ ಪಾಸ್ ಆಗುವುದಿಲ್ಲ ಅಂತ ಅವರಿಗೆ ಗೊತ್ತಿದೆ. ಹೆಡರ್‌ಗೆ ಕಾರ್ಬ್, ಅಂದರೆ ರಾಜ್ಯದ ವಾಯುಮಾಲಿನ್ಯ ಮಂಡಳಿಯ ಇಒ ಅನುಮತಿ ನಂಬರ್ ಇಲ್ಲದಿದ್ದರೆ ಹೊಗೆ ಎಷ್ಟು ಶುದ್ಧ ಇದ್ದರೂ ಕಣ್ಣಲ್ಲಿ ನೋಡಿಯೇ ಫೇಲ್ ಮಾಡುತ್ತಾರೆ. 1976ರಿಂದ ಈಚಿನ ಪೆಟ್ರೋಲ್ ಕಾರಿಗೆ ಈ ಪರೀಕ್ಷೆ ತಪ್ಪಿದ್ದಲ್ಲ, ಹಳೇ ಕಾರು ಅಂತ ವಿನಾಯಿತಿ ಸಿಗುತ್ತದೆ ಅಂದುಕೊಳ್ಳಬೇಡಿ. ಅದೂ ಅಲ್ಲದೆ 1999, 2000ದ ಕೆಲವು ಎಂಜಿನ್‌ಗಳಲ್ಲಿ ಥ್ರಸ್ಟ್ ಬೇರಿಂಗ್ (ಕ್ರ್ಯಾಂಕ್ ಹಿಂದೆ ಮುಂದೆ ಸರಿಯದ ಹಾಗೆ ಹಿಡಿಯುವ ಭಾಗ) ಸಮಸ್ಯೆ ಇತ್ತು. ಎಂಜಿನ್ ಓಡುತ್ತಿರುವಾಗ ಒಬ್ಬರು ಕ್ಲಚ್ ಒತ್ತಲಿ, ಇನ್ನೊಬ್ಬರು ಮುಂದಿನ ಪುಲ್ಲಿ ನೋಡಲಿ. ಅದು ಮುಂದಕ್ಕೆ ಸರಿದರೆ ಆ ಕಾರು ಬೇಡ.

2.5 ಎಂಜಿನ್ ಕೂರಿಸುವ ಮೇಲಿನ ಸಲಹೆಗೂ ಇದೇ ಕಟ್ಟುಪಾಡು. ಎಂಜಿನ್ ಬದಲಿಸಿದರೆ ಸ್ಮಾಗ್ ರೆಫರಿ (ಇಂಥ ಕಾರುಗಳ ವಿಶೇಷ ಪರೀಕ್ಷಕರು) ಹತ್ತಿರ ಹೋಗಿ ಒಪ್ಪಿಸಬೇಕು.

ಪಾಪ್‌ಅಪ್ ಪ್ರೇಮಿ:
1991ರದ್ದಾ? ಐಡಲ್‌ನಲ್ಲಿ ನಡುಗುತ್ತದೆ ಅಂದರೆ ನಾನೂ ಸ್ವಲ್ಪ ಹಿಂದೆ ಸರಿಯುತ್ತೇನೆ. 1990 ಮತ್ತು 91ರ ಮೊದಲ ಭಾಗದ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ನ ಮೂಗು, ಅಂದರೆ ಪುಲ್ಲಿ ಕೂರುವ ಮುಂದಿನ ತುದಿ, ಗಿಡ್ಡ. ಪುಲ್ಲಿಯ ಬೋಲ್ಟ್ ಸಡಿಲಾದರೆ ಪುಲ್ಲಿಯನ್ನು ಹಿಡಿದಿಡುವ ಲೋಹದ ಕೀ ಕೂರುವ ಕಚ್ಚು ಸವೆಯುತ್ತದೆ, ಟೈಮಿಂಗ್ ತಪ್ಪುತ್ತದೆ, ಕೊನೆಗೆ ಕ್ರ್ಯಾಂಕೇ ಬದಲಿಸಬೇಕು. ಬಾನೆಟ್ ಎತ್ತಿ ಟಾರ್ಚ್ ಹಿಡಿದು ಕೆಳಗಿನ ಪುಲ್ಲಿ ನೋಡಿ. ಅದರಲ್ಲಿ 4 ಸೀಳು ಇದ್ದರೆ ಗಿಡ್ಡ ಮೂಗು, 8 ಇದ್ದರೆ ಉದ್ದ. ಎಂಜಿನ್ ಓಡುವಾಗ ಪುಲ್ಲಿ ಅಡ್ಡಾದಿಡ್ಡಿ ಕುಣಿದರೆ ಬೇಡವೇ ಬೇಡ.

ಎಂಜಿನ್ ತಲೆಯ ಮೇಲೆ ಟಿಕ್ ಟಿಕ್ ಅಂದರೆ ಅದು ಹೈಡ್ರಾಲಿಕ್ ಲಿಫ್ಟರ್, ಹೆದರಬೇಡಿ. ಹಿಂದೆ ಫೈರ್‌ವಾಲ್ ಪಕ್ಕ ಆಯಿಲ್ ಜಿನುಗಿದರೆ ಕ್ಯಾಮ್ ಸೆನ್ಸರ್‌ನ ಸಣ್ಣ ರಬ್ಬರ್ ಉಂಗುರ, ಕೆಲವೇ ಡಾಲರ್. ಕ್ಲಚ್ ಪೆಡಲ್ ಮೆತ್ತಗಾದರೆ ಸ್ಲೇವ್ ಸಿಲಿಂಡರ್, ಅದೂ ಅಗ್ಗ. ಈ ಮೂರನ್ನೇ ಹಿಡಿದು ಚೌಕಾಸಿ ಮಾಡುವುದು ಎನ್‌ಎ ಲೋಕದ ಸಂಪ್ರದಾಯ.

ಸನ್ನಿವೇಲ್ ಸವಾರ:
ಹಾಗಾದರೆ ನೀವೂ ಎನ್‌ಸಿ ಅನ್ನುತ್ತೀರಾ?

ಪಾಪ್‌ಅಪ್ ಪ್ರೇಮಿ:
ನಾನು ಹಾಗೆ ಬರೆಯುವುದಿಲ್ಲ. ನಿಮಗೆ ಗ್ಯಾರೇಜ್ ಇಲ್ಲ, 101ರಲ್ಲಿ ದಿನಾ ಹೋಗಬೇಕು, ಉದ್ದ ಬೇರೆ ಇದ್ದೀರಿ. ಎನ್‌ಎ ಎರಡನೇ ಕಾರಾಗಿ ಇಟ್ಟುಕೊಳ್ಳುವವರಿಗೆ. ಒಂದೇ ಕಾರಾಗಿ ಓಡಿಸಿದರೆ ಅದನ್ನೂ ಹಾಳು ಮಾಡುತ್ತೀರಿ, ನೀವೂ ಬೈದುಕೊಳ್ಳುತ್ತೀರಿ. ಇಷ್ಟೇ ಹೇಳುತ್ತೇನೆ.

ಆರಡಿ ಮೂರಿಂಚು:
ಸ್ಕ್ರೀನ್‌ಶಾಟ್ ತಗೊಂಡೆ.

ರೆಡ್‌ಲೈನ್ ರಾಯರು:
2010ರದ್ದು ನೋಡಲು ಹೋಗುವಾಗ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು ಅಂತ ಮೊದಲೇ ಹೇಳಿ. ಹೋದಾಗ ಬಾನೆಟ್ ಬಿಸಿ ಇದ್ದರೆ ಯಾಕೆ ಬಿಸಿ ಅಂತ ಕೇಳಿ. ಡಿಕ್ಕಿಯ ಕಾರ್ಪೆಟ್ ಎತ್ತಿ ತೇವ ಇದೆಯಾ ನೋಡಿ. ನಾಲ್ಕೂ ಟೈರಿನ ತಾರೀಖು ಓದಿ, ಕಮ್ಮಿ ಓಡಿದ ಕಾರಿನಲ್ಲಿ ಟೈರಿನ ಹೂವು ಹಾಗೇ ಇರುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಎರಡನೇ ಗೇರಿನಿಂದ ಮೂರಕ್ಕೆ ಬೇಗ ಹಾಕಿದಾಗ ಕರಕರ ಅಂದರೆ ಸಿಂಕ್ರೊ (ಗೇರು ಸಲೀಸಾಗಿ ಕೂರಿಸುವ ಭಾಗ) ಸವೆದಿದೆ. ಎಲ್ಲ ಸರಿ ಇದ್ದರೆ ಬೇರೆ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಹಾಕಿಸಿ, ಮಾರುವವರು ಹೇಳಿದ ಮೆಕ್ಯಾನಿಕ್ ಬೇಡ. 12,000ಕ್ಕೆ ಶುರು ಮಾಡಿ.

ಸನ್ನಿವೇಲ್ ಸವಾರ:
ಶನಿವಾರ ಬೆಳಿಗ್ಗೆ ಲಿವರ್‌ಮೋರ್‌ಗೆ ಹೋಗುತ್ತಿದ್ದೇನೆ. ಹೆಂಡತಿಯೂ ಬರುತ್ತಾಳೆ, ಅವಳೂ ಕೂತು ನೋಡಬೇಕಲ್ಲ. ಆ ಕೆಂಪು ಎನ್‌ಎ ಬಿಟ್ಟೆ.

ಪಾಪ್‌ಅಪ್ ಪ್ರೇಮಿ:
ಬಿಟ್ಟಿರಾ? ಸರಿ, ಆ ಪೆಸಿಫಿಕಾ ಜಾಹೀರಾತಿನ ಲಿಂಕ್ ನನಗೆ ಖಾಸಗಿಯಾಗಿ ಕಳಿಸಿ. ಸೀಳು ಎಣಿಸಿಕೊಂಡು ಬರುತ್ತೇನೆ.